ಅವ್ವನ ಡಿಗ್ರಿ ಇಲ್ಲದ ವಿಡಿಯೊ

ನನ್ನ ಎಂ.ಎ. ಪ್ರಾಜೆಕ್ಟಿನ ವಿಷಯ ನಾನು ಆರಿಸಿಕೊಂಡಿದ್ದಲ್ಲ. ಮಂಡ್ಯದಲ್ಲಿ ನಮ್ಮ ಇಂಗ್ಲಿಷ್ ವಿಭಾಗದ ನೋಟಿಸ್ ಬೋರ್ಡಿಗೆ ಇಪ್ಪತ್ತೆರಡು ವಿಷಯಗಳ ಪಟ್ಟಿ ಅಂಟಿಸಿದ್ದರು. ರೋಲ್ ನಂಬರಿನ ಎದುರಿಗೆ ಬಂದದ್ದೇ ಅವರವರ ಪಾಲು. ನನ್ನ ನಂಬರು ಹದಿನೇಳು. ಅದರ ಮುಂದೆ 'ಇಂಗ್ಲಿಷ್ ಸಿನಿಮಾಗಳಲ್ಲಿ ಕಪ್ಪು ಮಹಿಳೆಯರು ಮತ್ತು ಅವರ ಶಿಕ್ಷಣ' ಎಂದಿತ್ತು. ಹದಿನಾರನೆಯವಳಿಗೆ ಒಂದು ಹಳೆಯ ನಾಟಕ ಬಂದಿತ್ತು. ಅದಕ್ಕೆ ಗೈಡು ಅಂಗಡಿಯಲ್ಲೇ ಸಿಗುತ್ತದೆ. ಬದಲಾಯಿಸಿಕೊಳ್ಳುತ್ತೀಯಾ ಎಂದು ಕೇಳಿದೆ. ಅವಳು ನಕ್ಕು ಕ್ಯಾಂಟೀನಿಗೆ ಹೋದಳು.

ಫೆಬ್ರವರಿ 4, ಭಾನುವಾರ ಮಧ್ಯಾಹ್ನ ಮೊದಲ ಸಿನಿಮಾ ನೋಡಿದೆ. ಮೇ 26ರ ಹೊತ್ತಿಗೆ ಮೂವತ್ತನಾಲ್ಕು ಆಗಿದ್ದವು. ಎಲ್ಲವನ್ನೂ ಫೋನಿನಲ್ಲೇ ನೋಡಿದ್ದು, ಕೆರಗೋಡಿನ ಹತ್ತಿರದ ನಮ್ಮ ಊರಿನ ಮನೆಯಲ್ಲಿ, ಗೋಡೆಯ ಬುದ್ಧನ ಪಟದ ಕೆಳಗೆ ಫೋನನ್ನು ಸ್ಟೀಲ್ ಡಬ್ಬಿಗೆ ಒರಗಿಸಿಟ್ಟು. ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂಗಳನ್ನು ಮಾಡಿಕೊಂಡಿದ್ದೆ. ಹುಡುಗಿ ಏನು ಓದುತ್ತಾಳೆ. ಓದುವುದನ್ನು ಎಷ್ಟು ಹೊತ್ತು ತೋರಿಸುತ್ತಾರೆ. ಅವಳು ಬುದ್ಧಿವಂತೆ ಎಂದು ಮೊದಲು ಹೇಳುವವರು ಯಾರು. ತಾಯಿಯ ಕೆಲಸ ಏನು.

ಮೊದಮೊದಲು ಉತ್ಸಾಹವಿತ್ತು. ಹತ್ತನೆಯ ಸಿನಿಮಾದ ಹೊತ್ತಿಗೆ ಮುಂದೇನಾಗುತ್ತದೆಂದು ಬರೆದಿಟ್ಟುಕೊಂಡೇ ನೋಡಲು ಕೂರುತ್ತಿದ್ದೆ. ಹುಡುಗಿ ಉದ್ದನೆಯ ಕಾರಿಡಾರಿನಲ್ಲಿ ಒಬ್ಬಳೇ ನಡೆಯುತ್ತಾಳೆ, ಎರಡೂ ಕಡೆ ಬಿಳಿಯ ಮಕ್ಕಳು ಸುಮ್ಮನೆ ನಿಂತು ನೋಡುತ್ತಾರೆ. ಒಬ್ಬ ಬಿಳಿಯ ಮೇಷ್ಟ್ರು ಅಥವಾ ಮೇಡಂ ಅವಳ ಪ್ರಬಂಧವನ್ನು ಓದಿ ಕನ್ನಡಕ ತೆಗೆಯುತ್ತಾರೆ. ಮನೆಯಲ್ಲಿ ತಾಯಿ ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತಿರುತ್ತಾಳೆ. ಕಾಗದ ಬರುತ್ತದೆ, ಸೀಟು ಸಿಕ್ಕಿದೆ, ತಾಯಿ ಒದ್ದೆ ಕೈಯನ್ನು ಒರೆಸಿಕೊಂಡು ಅದನ್ನು ಮುಟ್ಟುತ್ತಾಳೆ. ಆಮೇಲೆ ಪದವಿಯ ಕಪ್ಪು ಟೋಪಿ, ಚಪ್ಪಾಳೆ. ನಡುವೆ ಆ ಹುಡುಗಿ ನಾಲ್ಕು ವರ್ಷ ಏನು ಓದಿದಳು, ಯಾವ ಪಾಠ ಅರ್ಥವಾಗಲಿಲ್ಲ, ಯಾವ ಪರೀಕ್ಷೆಗೆ ಜ್ವರ ಬಂದಿತ್ತು ಎಂಬುದು ಎಲ್ಲಿಯೂ ಇಲ್ಲ.

ನನ್ನ ಲೆಕ್ಕ ಹೀಗಿದೆ. ಮೂವತ್ತನಾಲ್ಕರಲ್ಲಿ ಹತ್ತೊಂಬತ್ತು ತಾಯಂದಿರು ಇನ್ನೊಬ್ಬರ ಮನೆಯ ನೆಲ ಒರೆಸುತ್ತಾರೆ. ಐವರು ಸಿನಿಮಾ ಶುರುವಾಗುವ ಮೊದಲೇ ಸತ್ತಿರುತ್ತಾರೆ. ಎಂಟರಲ್ಲಿ ತಾಯಿಯ ಮಾತೇ ಬರುವುದಿಲ್ಲ. ಓದಿದ ತಾಯಿ ಇಬ್ಬರು. ಹನ್ನೊಂದು ಸಿನಿಮಾಗಳಲ್ಲಿ ಹುಡುಗಿ ಓದುತ್ತಿರುವ ವಿಷಯ ಯಾವುದೆಂದು ಕೊನೆಗೂ ತಿಳಿಯಲಿಲ್ಲ. ಇನ್ನು ಕೋರ್ಟಿನ ದೃಶ್ಯದಲ್ಲಿ, ಆಸ್ಪತ್ರೆಯ ದೃಶ್ಯದಲ್ಲಿ ಕಪ್ಪು ಹೆಂಗಸರು ಜಡ್ಜಾಗಿ, ಡಾಕ್ಟರಾಗಿ ಬರುತ್ತಾರೆ. ಎರಡು ಮಾತಾಡಿ ಹೋಗುತ್ತಾರೆ. ಅವರು ಎಲ್ಲಿ ಓದಿದರು, ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಓದಾಗಿ ಕೆಲಸದಲ್ಲಿ ಕೂತವಳಿಗೆ ಕತೆಯಿಲ್ಲ. ಕತೆ ಬೇಕೆಂದರೆ ಅವಳ ಮನೆ ಕತ್ತಲಲ್ಲಿರಬೇಕು.

ಅಜ್ಜಿ, ಅಂದರೆ ಅಪ್ಪನ ತಾಯಿ, ಅವರೆಕಾಯಿ ಬಿಡಿಸುತ್ತ ಪಕ್ಕದಲ್ಲಿ ಕೂತು ಇವನ್ನೆಲ್ಲ ನೋಡಿದ್ದಾಳೆ. ಅವಳಿಗೆ ಇಂಗ್ಲಿಷೂ ಬರದು, ಪರದೆಯ ಕೆಳಗೆ ಬರುವ ಅಕ್ಷರವೂ ಓದಲು ಬರದು.

"ಇವ್ಳೂ ನೆಲ ಒರ್ಸ್ತಾಳಾ?" ಅನ್ನುವಳು. ಸ್ವಲ್ಪ ಹೊತ್ತಾದ ಮೇಲೆ, "ಆ ಬಿಳೀ ಎಂಗ್ಸು ಯಾಕಮ್ಮಿ ಅಳ್ತಾವ್ಳೆ? ಓದ್ತಿರೋಳು ಇವ್ಳಲ್ವಾ?"

"ಅವ್ರು ಮೇಡಂ ಕಣಜ್ಜಿ. ಸಂತೋಸಕ್ಕೆ ಅಳ್ತಾವ್ರೆ."

"ಅದ್ಯಾವ ಸಂತೋಸ? ಇವ್ಳ ಅವ್ವನೇ ಅತ್ತಿಲ್ಲ!"

ಅವ್ವನ ತಕರಾರು ಬೇರೆ. ಅವ್ವ ಬಸರಾಳಿನ ಆಚೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷದಿಂದ ಗಣಿತ ಹೇಳಿಕೊಡುತ್ತಾಳೆ. ಉತ್ತರಪತ್ರಿಕೆ ತಿದ್ದುತ್ತಲೇ ಒಂದು ಕಣ್ಣು ಫೋನಿನ ಕಡೆ ಇಟ್ಟಿರುತ್ತಾಳೆ. "ಅದ್ಯಾವ ಪುಸ್ತಕ? ಹೆಸರು ಕಾಣೋ ಹಾಗೆ ಹಿಡಿಯೋದೇ ಇಲ್ವಲ್ಲ," ಎನ್ನುವಳು. "ಲೆಕ್ಕದಲ್ಲಿ ಬುದ್ಧಿವಂತೆ ಅಂತಾರೆ. ಒಂದಾದ್ರೂ ಲೆಕ್ಕ ಮಾಡುದ್ಲಾ ಇಷ್ಟೊತ್ತಿಗೆ?"

ಇಪ್ಪತ್ತೊಂಬತ್ತನೆಯ ಸಿನಿಮಾ ಒಂದು ಮಾತ್ರ ಬೇರೆಯಾಗಿತ್ತು. ಅದನ್ನು ಮಾಡಿದವಳೂ ಕಪ್ಪು ಹೆಂಗಸು. ಹುಡುಗಿ ರಸಾಯನಶಾಸ್ತ್ರ ಓದುತ್ತಾಳೆ, ಬೇಜಾರಿನಿಂದ ಆಕಳಿಸುತ್ತಾಳೆ, ಒಂದು ಪೇಪರಿನಲ್ಲಿ ಫೇಲಾಗುತ್ತಾಳೆ. ಔಷಧಿ ಅಂಗಡಿ ನಡೆಸುವ, ಅದನ್ನೇ ಓದಿದ ತಾಯಿ ಬೈಯುತ್ತಾಳೆ. ಹುಡುಗಿ ಪರೀಕ್ಷೆಗೆ ಮತ್ತೆ ಕಟ್ಟಿ ಪಾಸಾಗುತ್ತಾಳೆ. ಅಷ್ಟೆ. ಅವ್ವ ಕೆಂಪು ಪೆನ್ನು ಕೆಳಗಿಟ್ಟು ಪೂರ್ತಿ ನೋಡಿದ್ದು ಅದೊಂದನ್ನೇ. ಅವಳೂ ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಒಂದು ಸಲ ಫೇಲಾದವಳು. "ಇದು ಸರಿಯಾಗಿದೆ ನೋಡು," ಅಂದಳು. ಆ ದಿನ ಷರಾ ಕಾಲಮ್ಮಿನಲ್ಲಿ ನಾನು ಬರೆದದ್ದು ಈಗಲೂ ಹಾಗೇ ಇದೆ: 'ಏನೂ ಆಗುವುದಿಲ್ಲ. ಪ್ರಾಜೆಕ್ಟಿಗೆ ಉಪಯೋಗವಿಲ್ಲ.'

ಪ್ರಾಜೆಕ್ಟು ಕೊಟ್ಟೆ. ಪರೀಕ್ಷೆ ಆಯಿತು, ಫಲಿತಾಂಶವೂ ಬಂತು, ವಿಭಾಗಕ್ಕೆ ಎರಡನೆಯವಳಾಗಿದ್ದೆ. ನವೆಂಬರಿನಲ್ಲಿ, ನಾನು ಬಿ.ಎ. ಓದಿದ್ದ ಮದ್ದೂರಿನ ಖಾಸಗಿ ಕಾಲೇಜಿನಲ್ಲಿ ಇಂಗ್ಲಿಷಿಗೆ ಒಬ್ಬ ಅತಿಥಿ ಉಪನ್ಯಾಸಕರು ಬೇಕೆಂದು ತಿಳಿದು ಅರ್ಜಿ ಹಾಕಿದೆ. ಆ ಕೆಲಸ ನನಗೆ ಬೇಕಿತ್ತು. ಮನೆಯಿಂದ ಎರಡು ಬಸ್ಸಿನ ದೂರ, ಗೊತ್ತಿರುವ ಕ್ಲಾಸ್‌ರೂಮುಗಳು, ನಾನು ಕೂತು ಎದ್ದ ಬೆಂಚುಗಳು. ಪ್ರಿನ್ಸಿಪಾಲರು ಅರ್ಜಿ ನೋಡಿ ಖುಷಿಪಟ್ಟರು. "ನಮ್ಮ ಹುಡುಗೀನೇ ಬಂದ್ರೆ ಇನ್ನೇನು ಬೇಕಮ್ಮ," ಅಂದರು. ಆಮೇಲೆ, ಮುಂದಿನ ವರ್ಷದ ಅಡ್ಮಿಷನ್ನಿಗೆ ಕಾಲೇಜಿನ ಬಗ್ಗೆ ಒಂದು ಸಣ್ಣ ವಿಡಿಯೊ ಮಾಡಿಸುತ್ತಿದ್ದೇವೆ, ಅದರಲ್ಲಿ ನಿನ್ನ ಕತೆ ಇರಲಿ, ಉಪನ್ಯಾಸಕರ ಪಟ್ಟಿ ಫೈನಲ್ ಆಗುವುದರೊಳಗೆ ಅದೊಂದು ಮುಗಿಸಿಬಿಡೋಣ ಅಂದರು. ಪಟ್ಟಿ ಮತ್ತು ವಿಡಿಯೊ ಒಂದೇ ವಾಕ್ಯದಲ್ಲಿ ಬಂದದ್ದು ನನಗೂ ಕೇಳಿಸಿತ್ತು. ಒಪ್ಪಿದೆ.

ನವೆಂಬರ್ 24, ಭಾನುವಾರ ಬೆಳಿಗ್ಗೆ ಎಂಟೂವರೆಗೆ ವಿಡಿಯೊದವನು ನಮ್ಮ ಮನೆಗೆ ಬಂದ. ಮದುವೆ ಶೂಟಿಂಗ್ ಮಾಡುವವನು, ನಲವತ್ತರ ಆಸುಪಾಸು, ಮಾತಿನಲ್ಲಿ ಮೃದು. ಅವ್ವ ಗಂಜಿ ಹಾಕಿದ ನೀಲಿ ಕಾಟನ್ ಸೀರೆ ಉಟ್ಟು, ಕನ್ನಡಕ ಒರೆಸಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಅವನು ಕ್ಯಾಮೆರಾದಲ್ಲಿ ನೋಡಿದ, ಕೆಳಗಿಳಿಸಿದ, ಮತ್ತೆ ನೋಡಿದ.

"ಮೇಡಂ, ತಪ್ಪು ತಿಳ್ಕೋಬೇಡಿ. ಸೀರೆ ತುಂಬಾ ಚೆನ್ನಾಗಿದೆ."

"ಚೆನ್ನಾಗಿದ್ರೆ ತಪ್ಪೇನಪ್ಪ?"

"ಸ್ಕ್ರಿಪ್ಟಲ್ಲಿ ಅಮ್ಮ ಕೂಲಿ ಮಾಡ್ತಾರೆ ಅಂತಿದೆ."

"ನಾನು ಹೈಸ್ಕೂಲ್ ಟೀಚರ್ರು."

"ಗೊತ್ತು ಮೇಡಂ, ಪ್ರಿನ್ಸಿಪಾಲ್ರಿಗೂ ಗೊತ್ತು. ಆದ್ರೆ ನೋಡೋರ್ಗೆ ಮನಸ್ಸಿಗೆ ನಾಟ್ಬೇಕಲ್ಲ. ಮಾತಿಲ್ಲ, ಏನಿಲ್ಲ. ಅಂಗಳ ಗುಡಿಸೋ ತರ ಹತ್ತು ಸೆಕೆಂಡು."

ಅವ್ವ ನನ್ನ ಮುಖ ನೋಡಿದಳು. ನಾನು ಬೇಡ ಅನ್ನಬೇಕಿತ್ತು. ಅವಳು ಒಳಗೆ ಹೋಗಿ ಸುಣ್ಣ ಬಳಿಯುವಾಗ ಉಡುವ ಹಳೆಯ ಸೀರೆ ಉಟ್ಟುಕೊಂಡು ಬಂದಳು. ಕನ್ನಡಕ ತೆಗೆದಿಟ್ಟಿದ್ದಳು.

ನಮ್ಮ ಮನೆಯಲ್ಲಿ ಬೀದಿಯ ಕಡೆಯ ಅಂಗಳವನ್ನು ಹೆಂಗಸರು ಗುಡಿಸುವುದಿಲ್ಲ. ಅಜ್ಜಿ ತನ್ನ ಹತ್ತನೆಯ ವಯಸ್ಸಿನಿಂದ ಊರಿನ ದೊಡ್ಡ ಮನೆಗಳ ಬಾಗಿಲು, ಕೊಟ್ಟಿಗೆ ಗುಡಿಸಿದವಳು. ಸೊಸೆಗೆ ಕೆಲಸದ ಆರ್ಡರು ಬಂದ ದಿನ ಕಡ್ಡಿ ಪೊರಕೆಯನ್ನು ತಿಪ್ಪೆಗೆ ಎಸೆದು, ಈ ಮನೆಯ ಹೆಣ್ಣುಮಕ್ಕಳು ಇನ್ನು ಬೀದಿಯಲ್ಲಿ ಪೊರಕೆ ಹಿಡಿದು ಬಗ್ಗಕೂಡದು ಎಂದು ಹೇಳಿದ್ದಳಂತೆ. ಅವತ್ತಿನಿಂದ ಅಪ್ಪನೇ ಬೆಳಿಗ್ಗೆ ಎದ್ದು ಗುಡಿಸಿ, ನೀರು ಹಾಕಿ, ಆಮೇಲೆ ಕಬ್ಬಿನ ಗದ್ದೆಗೆ ಹೋಗುತ್ತಾನೆ. "ಏನ್ಲಾ, ಎಂಡ್ರು ಕೈಗೆ ಸೀಮೆಸುಣ್ಣ, ನಿನ್ ಕೈಗೆ ಪರ್ಕೆನಾ?" ಎಂದು ದಾರಿಯಲ್ಲಿ ಹೋಗುವವರು ಕೇಳಿದ್ದುಂಟು. "ನಿನ್ ಮಗ ಪಾಸಾಗಿದ್ದು ಆ ಸೀಮೆಸುಣ್ಣದಲ್ಲೇ ಕಣ್ಲಾ, ಓಗು ಸುಮ್ಕೆ," ಎಂದು ಅಪ್ಪ ತಲೆ ಎತ್ತದೆ ಹೇಳುತ್ತಾನೆ.

ಅವತ್ತೂ ಅಪ್ಪ ಗುಡಿಸಿ ಗದ್ದೆಗೆ ಹೋಗಿಯಾಗಿತ್ತು. ಅಂಗಳದಲ್ಲಿ ಕಸವಿಲ್ಲ. ವಿಡಿಯೊದವನು ಅತ್ತಿತ್ತ ನೋಡಿ, ಬೇಲಿಯ ಹತ್ತಿರದಿಂದ ಒಣಗಿದ ಕಬ್ಬಿನ ಸೋಗೆ ತಂದು ತಾನೇ ಹರಡತೊಡಗಿದ. ಜಗಲಿಯಲ್ಲಿ ಕೂತಿದ್ದ ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

"ಯಾವನ್ಲಾ ಅವ್ನು? ಗುಡ್ಸಿರೋ ಬಾಗ್ಲಿಗೆ ಕಸ ಚೆಲ್ತಾವ್ನೆ?"

"ಶೂಟಿಂಗಿಗೆ ಕಣಜ್ಜಿ," ಅಂದೆ.

ಅಷ್ಟರಲ್ಲಿ ಅವ್ವ ಪೊರಕೆ ಹಿಡಿದು ಬಗ್ಗಿದ್ದಳು. ಕಡ್ಡಿ ಪೊರಕೆಯನ್ನು ಒಳಮನೆಯ ಪೊರಕೆಯ ಹಾಗೆ ತುದಿಯಲ್ಲಿ ಹಿಡಿದಿದ್ದಳು. ಸೋಗೆ ಸರಿಯುತ್ತಲೇ ಇರಲಿಲ್ಲ. ಅವನು ಕ್ಯಾಮೆರಾ ಹಿಂದಿನಿಂದ, "ಇನ್ನೂ ಸ್ವಲ್ಪ ಬಗ್ಗಿ ಮೇಡಂ, ಮುಖ ಕಾಣೋದು ಬೇಡ," ಅನ್ನುತ್ತಿದ್ದ.

ಅಜ್ಜಿ ಜಗಲಿಯಿಂದ ಇಳಿದದ್ದು ನನಗೆ ಗೊತ್ತಾಗಲಿಲ್ಲ. ಮಂಡಿನೋವಿನವಳು, ಕೋಲೂ ಹಿಡಿಯದೆ ಬಂದು ಅವ್ವನ ಕೈಯಿಂದ ಪೊರಕೆ ಕಿತ್ತುಕೊಂಡಳು.

"ಬುಡು ಅದ! ನಾನು ಬಗ್ಗಿ ಬಗ್ಗಿ ಸೊಂಟ ಮುರ್ಕಂಡಿದ್ದು ಸಾಲ್ದಾ? ಒಳಿಕ್ ಓಗು ಮೇಷ್ಟ್ರಮ್ಮ ನೀನು!"

ಅವಳು ಸೊಸೆಯನ್ನು ಕರೆಯುವುದೇ ಮೇಷ್ಟ್ರಮ್ಮ ಎಂದು.

"ಸೂಪರ್ ಅಜ್ಜಿ! ಇನ್ನೊಂದ್ಸಲ ಮಾಡಿ!" ಅಂದ ವಿಡಿಯೊದವನು.

"ಇನ್ನೊಂದ್ ಸಲ ಬೇಕೇನ್ಲಾ? ಬಾ ಇತ್ಲಾಗೆ, ಕೊಡ್ತೀನಿ!"

ಅವನು ನಗುತ್ತ ಹಿಂದೆ ಹಿಂದೆ ಸರಿದು ತೆಗೆಯುತ್ತಲೇ ಇದ್ದ. ಪಕ್ಕದ ಮನೆಯವರೂ ನಕ್ಕರು. ಅವ್ವ ಮಾತ್ರ ಒಳಗೆ ಹೋಗಿ, ಮತ್ತೆ ನೀಲಿ ಸೀರೆ ಉಟ್ಟು ಅಡುಗೆಗೆ ನಿಂತಳು. ಆಮೇಲೆ ನಾನು ಕಿಟಕಿಯ ಬಳಿ ಓದುವ ಶಾಟು. ನನ್ನ ಪುಸ್ತಕಗಳು ತೆಳ್ಳಗಿವೆಯೆಂದು ಅವನೇ ಒಂದು ದಪ್ಪ ನಿಘಂಟು ತಂದಿದ್ದ.

ಡಿಸೆಂಬರ್ 2, ಸೋಮವಾರ ಕಾಲೇಜಿನ ಗುಮಾಸ್ತರು ವಿಡಿಯೊ ಕಳಿಸಿದರು. ಎರಡು ನಿಮಿಷ ನಲವತ್ತು ಸೆಕೆಂಡು. ಮೂರು ಸಲ ನೋಡಿದೆ. ಕೊಳಲು ಬರುತ್ತದೆ. 'ಅಕ್ಷರ ಕಾಣದ ಮನೆಯಲ್ಲಿ ಹುಟ್ಟಿದ ಬೆಳಕು' ಎಂದು ಬರಹ ಬರುತ್ತದೆ. ಅವ್ವ ಹನ್ನೊಂದು ಸೆಕೆಂಡು ಬಗ್ಗಿದ್ದಾಳೆ, ಮುಖವಿಲ್ಲ. ಆಮೇಲೆ ಅಜ್ಜಿ. ಅವಳ ಮಾತನ್ನು ತೆಗೆದುಹಾಕಿದ್ದಾರೆ. ಪೊರಕೆ ಕಿತ್ತುಕೊಳ್ಳುವುದನ್ನು ನಿಧಾನ ಮಾಡಿದ್ದಾರೆ, ಹಿನ್ನೆಲೆಯಲ್ಲಿ ಒಬ್ಬ ಗಂಡಸು ಗದ್ಗದವಾಗಿ ಹೇಳುತ್ತಾನೆ: "ಮೊಮ್ಮಗಳ ಓದು ನಿಲ್ಲಬಾರದೆಂದು ಈ ವೃದ್ಧೆಯೂ ಪೊರಕೆ ಹಿಡಿದಳು." ಕೊನೆಗೆ ನಾನು, ನಿಘಂಟು, ಕಾಲೇಜಿನ ಗೇಟು.

ನಾನು ನೋಡಿದ್ದ ಮೂವತ್ತನಾಲ್ಕು ಸಿನಿಮಾಗಳಲ್ಲಿ ಬಕೆಟ್ಟು ಹಿಡಿದಿದ್ದ ಹತ್ತೊಂಬತ್ತು ತಾಯಂದಿರ ಬಗ್ಗೆ ಆಗ ಮೊದಲ ಸಲ ಒಂದು ಅನುಮಾನ ಬಂತು. ಸಿನಿಮಾ ಮಾಡುವವರು ಮನೆಗೆ ಬರುವ ಮುಂಚೆ ಅವರಲ್ಲಿ ಎಷ್ಟು ಜನ ಕನ್ನಡಕ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿದ್ದರೋ. ನಾನು ಅವರನ್ನು 'ಮನೆಗೆಲಸ' ಎಂದು ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಬಡವರಾದ ತಾಯಂದಿರು ಇರಲಿಲ್ಲ ಎಂದಲ್ಲ. ನನ್ನ ಅಜ್ಜಿಯೇ ಇದ್ದಾಳೆ. ಆದರೆ ಮಗಳು ಎದ್ದು ನಿಲ್ಲುವುದು ಕಾಣಬೇಕಾದರೆ ತಾಯಿ ಬಗ್ಗಿಯೇ ಇರಬೇಕು ಎಂಬ ಲೆಕ್ಕ ಯಾರದ್ದು?

ವಿಡಿಯೊ ಹೊರಗೆ ಬಿಡಲು ನನ್ನ ಒಪ್ಪಿಗೆ ಪತ್ರ ಬೇಕಿತ್ತು. ಡಿಸೆಂಬರ್ 4, ಬುಧವಾರ ಮದ್ದೂರಿಗೆ ಹೋದೆ. ಪ್ರಿನ್ಸಿಪಾಲರು ಟೀ ತರಿಸಿದರು. ಅವರು ಕೆಟ್ಟವರಲ್ಲ. ನಾನು ಬಿ.ಎ. ಓದುವಾಗ ಒಂದು ದಿನವೂ ಗದರಿದವರಲ್ಲ.

"ಸರ್, ಒಂದೇ ಒಂದು ಸೇರ್ಸಿ," ಅಂದೆ. "ಅವ್ವ ಕಾಣುವಾಗ ಕೆಳಗೆ 'ತಾಯಿ, ಹೈಸ್ಕೂಲ್ ಗಣಿತ ಶಿಕ್ಷಕಿ' ಅಂತ ಒಂದು ಸಾಲು."

ಅವರು ನಕ್ಕರು. "ಕೈಯಲ್ಲಿ ಪೊರಕೆ, ಕೆಳಗೆ ಗಣಿತ ಶಿಕ್ಷಕಿ ಅಂತಿದ್ರೆ ಜನ ಏನಂದ್ಕೋತಾರಮ್ಮ?"

"ಹಾಗಾದ್ರೆ ಪೊರಕೆ ತೆಗೀರಿ ಸರ್. ಅವ್ವ ಪಾಠ ಮಾಡೋದನ್ನೇ ತೆಗೀಲಿ, ಸ್ಕೂಲಲ್ಲಿ ನಾನು ಕೇಳ್ತೀನಿ."

"ಆಗ ಕತೆ ಎಲ್ಲಿರ್ತದೆ? ಟೀಚರ್ ಮಗಳು ಲೆಕ್ಚರರ್ ಆದ್ಲು ಅಂದ್ರೆ ಅದ್ರಲ್ಲೇನಾಗ್ತದೆ?" ಅಂದರು. ಟೀ ಲೋಟ ಕೆಳಗಿಟ್ಟು, "ನೋಡು, ಇದು ನಿನ್ನ ಅವಮಾನಕ್ಕಲ್ಲ. ಓದದೇ ಇರೋ ಮನೆಗಳಿಂದ ಹತ್ತು ಹೆಣ್ಮಕ್ಳು ಇದನ್ನ ನೋಡಿ ಸೇರುದ್ರೆ ನಿನಗೆ ಬೇಡ್ವಾ?"

ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಅದಕ್ಕಿಂತ ಹೆಚ್ಚಾಗಿ, 'ಏನೂ ಆಗುವುದಿಲ್ಲ' ಎಂದು ಆ ಔಷಧಿ ಅಂಗಡಿಯ ತಾಯಿಯ ಎದುರಿಗೆ ಬರೆದವಳು ನಾನೇ. ಪತ್ರವನ್ನು ಸಹಿ ಹಾಕದೆ ಮೇಜಿನ ಮೇಲಿಟ್ಟು, ಬೇಡ ಸರ್ ಎಂದಷ್ಟೇ ಹೇಳಿ ಎದ್ದೆ. "ಯೋಚ್ನೆ ಮಾಡಮ್ಮ," ಅಂದರು. ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕೂತಿದ್ದೆ. ಮಂಡ್ಯದ ನಾಲ್ಕು ಬಸ್ಸು ಬಿಟ್ಟೆ.

ಡಿಸೆಂಬರ್ 16ಕ್ಕೆ ಪಟ್ಟಿ ಹಾಕಿದರು. ನನ್ನ ಹೆಸರಿರಲಿಲ್ಲ. ಸಹಿಗೂ ಪಟ್ಟಿಗೂ ಸಂಬಂಧವಿದೆಯೆಂದು ಸಾಧಿಸಲು ನನ್ನಲ್ಲಿ ಏನೂ ಇಲ್ಲ.

ಅವ್ವನಿಗೆ ಆವರೆಗೂ ಹೇಳಿರಲಿಲ್ಲ. ಹೇಳಿದಾಗ ಅವಳು ಮೆಚ್ಚುತ್ತಾಳೆಂದು ನಾನು ಎಲ್ಲೋ ಅಂದುಕೊಂಡಿದ್ದೆ. ಅವಳು ಸಿಡಿದಳು.

"ಯಾರು ಕೇಳುದ್ರು ನಿನ್ನ? ಆ ಸೀರೆ ಉಟ್ಕೊಂಡೋಳು ನಾನು, ಬಗ್ಗಿದೋಳು ನಾನು. ನನಗಿಲ್ಲದ ಮಾನ ನಿನಗ್ಯಾಕೆ? ಹತ್ತು ಸೆಕೆಂಡು ಕಸ ಗುಡಿಸುದ್ರೆ ನನ್ ಡಿಗ್ರಿ ಓಗ್ಬುಡ್ತಿತ್ತಾ?"

"ಅಜ್ಜಿ ಯಾಕೆ ಕಿತ್ಕೊಂಡ್ಲು ಹಾಗಾದ್ರೆ?"

"ಅಜ್ಜಿಗೆ ಕೆಲ್ಸ ಬೇಕಿರ್ಲಿಲ್ಲ. ನಿನಗೆ ಬೇಕಿತ್ತು," ಅಂದಳು. ಹತ್ತು ದಿನ ಅವಳ ಮಾತು ಊಟ, ಬಸ್ಸು, ಒಗೆಯುವ ಬಟ್ಟೆ, ಇಷ್ಟಕ್ಕೇ ನಿಂತಿತು. ಅಜ್ಜಿ, 'ಫೋನಲ್ಲಿ ನಾನು ಬಂದಿವ್ನಾ?' ಎಂದು ಕೇಳಿದಾಗ, ವಿಡಿಯೊ ಕೆಟ್ಟುಹೋಯಿತು ಎಂದು ಹೇಳಿದೆ.

ಜನವರಿಯಿಂದ ಮಳವಳ್ಳಿಯ ಒಂದು ಪಿಯು ಕಾಲೇಜಿನಲ್ಲಿ, ಹೆರಿಗೆ ರಜೆಗೆ ಹೋದವರ ಜಾಗದಲ್ಲಿ ಪಾಠ ಮಾಡುತ್ತಿದ್ದೇನೆ. ಊರಿನಿಂದ ಮಂಡ್ಯ, ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ. ಹೋಗಿ ಬರುವುದಕ್ಕೆ ದಿನಕ್ಕೆ ಸರಾಸರಿ ನಾಲ್ಕು ಗಂಟೆ ಹತ್ತು ನಿಮಿಷ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಾತಾಡುವ ತ್ರಾಣ ಮುಗಿದಿರುತ್ತದೆ.

ಏಪ್ರಿಲಿನ ಒಂದು ಸಂಜೆ ಅವ್ವ ಫೋನು ತಂದು ನನ್ನ ಮುಂದೆ ಹಿಡಿದಳು. ಆ ಕಾಲೇಜಿನ ವಿಡಿಯೊ. ಅದೇ ಕೊಳಲು, ಅದೇ ಬರಹ, ಅದೇ ಗೇಟು, ಬಹುಶಃ ಅದೇ ನಿಘಂಟು. ಹುಡುಗಿ ಮಾತ್ರ ಬೇರೆ. ಅವಳ ತಾಯಿ ತಲೆಯ ಮೇಲೆ ಸೌದೆ ಹೊರೆ ಹೊತ್ತು ಕೆರೆ ಏರಿಯ ಮೇಲೆ ನಡೆಯುತ್ತಾಳೆ.

"ಈ ಹುಡುಗಿ ನನ್ ಸ್ಟೂಡೆಂಟು," ಅಂದಳು ಅವ್ವ. "ಪಟ್ಟೀಲಿ ಇವಳ ಹೆಸ್ರೇ ಬಂದಿರೋದು. ಅವಳವ್ವ ಬಸರಾಳಲ್ಲಿ ಟೈಲರಿಂಗ್ ಕ್ಲಾಸ್ ನಡೆಸ್ತಾಳೆ. ಅವಳ ಹತ್ರ ಕಲಿತ ನಲವತ್ತು ಹೆಂಗಸ್ರು ಮಿಷನ್ ಹಾಕ್ಕೊಂಡವ್ರೆ. ನನ್ ಬ್ಲೌಸೆಲ್ಲ ಅವಳೇ ಒಲಿಯೋದು."

ನಾನು ಬೇಡವೆಂದು ಬಿಟ್ಟು ಬಂದದ್ದು ನಿಂತುಹೋಗಿರಲಿಲ್ಲ. ಇನ್ನೊಂದು ಮನೆಗೆ ಹೋಗಿತ್ತು, ಅಷ್ಟೆ.

"ಹುಡುಗಿ ಹೇಗೆ ಪಾಠ ಮಾಡ್ತಾಳಂತೆ?" ಎಂದು ಕೇಳಿದೆ.

"ಚೆನ್ನಾಗ್ ಮಾಡ್ತಾಳೆ. ಯಾವಾಗ್ಲೂ ಚುರುಕು."

"ಅವಳವ್ವಂಗೆ ಬೇಜಾರಾಗ್ಲಿಲ್ವಂತ?"

"ಫೋನ್ ಮಾಡಿ ಕೇಳ್ದೆ. 'ಸೌದೆ ಒರೋದು ನಂಗೆಲ್ ಬತ್ತದೆ ಮಿಸ್ಸು, ಮೂರ್ ಸಲ ಬೀಳಿಸ್ದೆ, ನಾಕನೇ ಸಲಕ್ಕೆ ಸರಿಯಾಗ್ ಬಂತು' ಅಂತ ನಗಾಡಿದ್ಲು."

"ನೀನೇನಂದೆ?"

"ನಾನೂ ನಕ್ಕೆ," ಅಂದಳು ಅವ್ವ. "ನನಗೂ ಪೊರಕೆ ಹಿಡಿಯೋಕೆ ಬರ್ಲಿಲ್ಲ ಅಂತ ಹೇಳ್ದೆ. ಆಮೇಲೆ ಇಬ್ರ ನಗೂನೂ ನಿಂತೋಯ್ತು. ಅವಳೇ ಫೋನ್ ಇಟ್ಲು."